ಗುರುಸಿದ್ದಯ್ಯನವರು ಎಳೆದ ದಾರಿ

ಗುರುಸಿದ್ದಯ್ಯನವರು ನಡೆಯುವಾಗ ನೂರಿನ್ನೂರು ಹೆಜ್ಜೆಗೊಮ್ಮೆ ನಿಂತು, ಪೂರ್ತಿ ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ಹಾಲು ತರಲು ಹೋಗುವಾಗಲೂ ಅಷ್ಟೆ, ಬನಶಂಕರಿ ಗುಡಿಗೆ ಹೋಗುವಾಗಲೂ ಅಷ್ಟೆ. ಜಯನಗರದ ಮೂರನೆಯ ಬ್ಲಾಕಿನಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ರಸ್ತೆಯ ನಡುವೆ ಒಬ್ಬ ಮನುಷ್ಯ ಹೀಗೆ ನಿಂತು ತಿರುಗಿದರೆ ಅರ್ಧ ಮೈಲಿ ದೂರಕ್ಕೂ ಕಾಣುತ್ತಿತ್ತು. ಪಾಪ, ಯಾರೋ ಬೆನ್ನು ಹತ್ತಿದ್ದಾರೆಂಬ ಭಯವಿರಬೇಕು ಎಂದು ಅಕ್ಕಪಕ್ಕದವರು ಮಾತಾಡಿಕೊಳ್ಳುತ್ತಿದ್ದರು. ಒಮ್ಮೆ ಜೊತೆಯಲ್ಲಿ ನಡೆಯುವಾಗ ನಾನು ಕೇಳಿಯೇಬಿಟ್ಟೆ.

"ಹೋಗೋವಾಗ ನೋಡಿದ ರಸ್ತೆ, ಬರೋವಾಗ ಅದೇ ಥರ ಕಾಣಲ್ಲ ಮೇಷ್ಟ್ರೇ," ಎಂದರು. "ಹೋಗ್ತಾ ಹೋಗ್ತಾ ಒಂದು ಸಲ ತಿರುಗಿ ನೋಡಿದ್ರೆ ಅದರ ಇನ್ನೊಂದು ಮುಖಾನೂ ಪರಿಚಯ ಆಗಿರುತ್ತೆ. ಬೆಟ್ಟದಲ್ಲಿ ಜನ ದಾರಿ ತಪ್ಪೋದು ಹತ್ತೋವಾಗ ಅಲ್ಲ, ಇಳಿಯೋವಾಗ."

"ಇದು ಜಯನಗರ ಅಲ್ವಾ ಸಾರ್?"

"ಅಭ್ಯಾಸ ಮಾಡಕ್ಕೆ ಎಲ್ಲಾದ್ರೇನು," ಎಂದು ಮತ್ತೆ ನಡೆದರು.

ನಾನು ಆಗ ಬಸವನಗುಡಿಯ ಕಡೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಪ್ರಯೋಗಶಾಲೆಯಲ್ಲಿ ಹುಡುಗರಿಗೆ ಲೋಲಕ, ಮಸೂರ ಎಂದು ತೋರಿಸಿಕೊಡುವುದು ನನ್ನ ಕೆಲಸ. ಪಾಠ ಮಾಡುವ ಅಧಿಕಾರ ಇನ್ನೂ ಬಂದಿರಲಿಲ್ಲ. ಆದರೂ ಅವರು ನನ್ನನ್ನು ಮೊದಲ ದಿನದಿಂದಲೂ ಮೇಷ್ಟ್ರೇ ಎಂದೇ ಕರೆದರು. ಅವರಿಗಿಂತ ಮೂವತ್ತೈದು ವರ್ಷ ಚಿಕ್ಕವನಾದ ನನಗೆ ಕೊನೆಯವರೆಗೂ ಬಹುವಚನ ಬಿಡಲಿಲ್ಲ.

ಅವರು ನಕ್ಷೆ ತಯಾರಿಸುವ ಸರ್ಕಾರಿ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು ನಿವೃತ್ತರಾದವರು. ಬೇರೆಯವರು ಬೆಟ್ಟ ಕಾಡು ಅಲೆದು ಅಳೆದು ತಂದದ್ದನ್ನು ಮೇಜಿನ ಮುಂದೆ ಕೂತು ಹಾಳೆಗೆ ಇಳಿಸುವುದು ಅವರ ಪಾಲಿಗೆ ಬಂದ ಕೆಲಸ. ಸಣಕಲು ದೇಹ, ಹಣೆಯ ಮೇಲೆ ವಿಭೂತಿ, ಮುಚ್ಚಿದ ಕಾಲರಿನ ಕೋಟು, ಪಂಚೆ, ಅದರ ಕೆಳಗೆ ಬಿಳಿಯ ಕ್ಯಾನ್ವಾಸ್ ಬೂಟು. ಬಲಗೈಯ ತೋರುಬೆರಳಿನ ತುದಿಯಲ್ಲಿ ನಿಬ್ಬು ಒತ್ತಿ ಒತ್ತಿ ಆದ ಒಂದು ಗುಳಿ ಇತ್ತು. ಮಾತಾಡುವಾಗ ಆ ಗುಳಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಐವತ್ತೇಳರಲ್ಲಿ, ತುರಹಳ್ಳಿಯ ಬಂಡೆಗಳ ಬಳಿ. ಎವರೆಸ್ಟ್ ಹತ್ತಿದ ಸುದ್ದಿ ಬಂದ ಮೇಲೆ ನಮ್ಮ ಊರಿನಲ್ಲೂ ನಾಲ್ಕಾರು ಯುವಕರಿಗೆ ಹಿಮಾಲಯದ ಹುಚ್ಚು ಹಿಡಿದಿತ್ತು. ನಾನು, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಗೆಳೆಯ ಗೋಪಿ, ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಶೇಷಾದ್ರಿ, ಈ ಮೂವರು ಭಾನುವಾರ ಬೆಳಿಗ್ಗೆ ಬನಶಂಕರಿ ಗುಡಿಯವರೆಗೆ ಸೈಕಲ್ಲಿನಲ್ಲಿ ಹೋಗಿ, ಅಲ್ಲಿಂದ ಕನಕಪುರ ರಸ್ತೆ ಹಿಡಿದು ತುರಹಳ್ಳಿಗೆ ನಡೆದು, ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವುದನ್ನು ಕಲಿಯುತ್ತಿದ್ದೆವು. ಗೋಪಿ ನಮ್ಮೆಲ್ಲರಿಗಿಂತ ಚುರುಕು. ಅವನು ಹತ್ತುವುದನ್ನು ನೋಡುವುದೇ ಒಂದು ಸಂತೋಷ. ಆ ದಿನ ಹಗ್ಗವಿಲ್ಲದೆ ಒಂದು ಎತ್ತರದ ಬಂಡೆಯ ನೆತ್ತಿ ಏರಿ ಕುಳಿತವನು ಇಳಿಯಲಾರದೆ ಸಿಕ್ಕಿಕೊಂಡ. ಅಷ್ಟರಲ್ಲಿ ಕೊಡೆ ಊರಿಕೊಂಡು ಒಬ್ಬ ಹಿರಿಯರು ಬಂದು ಕೆಳಗೆ ನಿಂತರು. ಗಾಬರಿಯೇನೂ ಇಲ್ಲದೆ ಮೇಲೆ ನೋಡಿ, "ಹತ್ತೋವಾಗ ಇಳಿಯೋದನ್ನ ಯೋಚನೆ ಮಾಡಿದ್ರಾ?" ಎಂದು ಕೇಳಿದರು.

"ಇಲ್ಲ ಸಾರ್," ಎಂದ ಗೋಪಿ ಮೇಲಿನಿಂದ.

"ಸರಿ. ಈಗ ಮಾಡೋಣ. ಎಡಗಾಲು ಒಂದು ಗೇಣು ಕೆಳಗೆ ಬಿಡಿ. ಅಲ್ಲಿ ಕಾಲಿಡೋಷ್ಟು ಒಂದು ಕಲ್ಲಿನ ಚಕ್ಕೆ ಇದೆ, ನಿಮಗೆ ಕಾಣಲ್ಲ, ನನಗೆ ಕಾಣುತ್ತೆ."

ಕಾಲು ಗಂಟೆಯಲ್ಲಿ, ಒಂದೊಂದೇ ಹೆಜ್ಜೆ ಹೇಳಿಕೊಟ್ಟು ಅವನನ್ನು ಇಳಿಸಿದರು. ಇಳಿದವನ ಭುಜ ತಟ್ಟಿ, "ಕೈಕಾಲು ಚೆನ್ನಾಗಿದೆ. ಮುಂಚೆ ಕೂತ್ಕೊಂಡು ಯೋಚನೆ ಮಾಡೋರು ಒಬ್ರು ಜೊತೇಲಿರಲಿ," ಎಂದರು. ಆ ಒಬ್ಬರು ತಾವೇ ಆಗಬೇಕೆಂಬ ಆಸೆ ಅವರ ಮಾತಿನಲ್ಲಿತ್ತೆಂದು ನನಗೆ ಆಮೇಲೆ ತಿಳಿಯಿತು.

ಮುಂದಿನ ವಾರದಿಂದ ನಾವು ಅವರ ಮನೆಗೆ ಹೋಗತೊಡಗಿದೆವು. ನಡುಮನೆಯ ಗೋಡೆಗೆ ಒರಗಿಸಿದ ಒಂದು ಮರದ ಬೀರು. ಅದರ ತುಂಬ, ಕಚೇರಿಯಲ್ಲಿ ರದ್ದಿಗೆ ಹಾಕಿದ ಹಳೆಯ ನಕ್ಷೆಯ ಹಾಳೆಗಳು. ಅವುಗಳಲ್ಲಿ ಒಂದು ಹಾಳೆಯನ್ನು ಮಾತ್ರ ಬಟ್ಟೆಗೆ ಅಂಟಿಸಿ ಸುರುಳಿ ಸುತ್ತಿ ಬೇರೆಯಾಗಿ ಇಟ್ಟಿದ್ದರು. ಗಢ್ವಾಲದ ಒಳನಾಡಿನ ಒಂದು ಕಣಿವೆ ಅದು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಅಳತೆಯ ತಂಡದ ಜೊತೆ ಅವರನ್ನು ಅಲ್ಲಿಗೆ ಕಳಿಸಿದ್ದರಂತೆ. ಕಣಿವೆಯ ಬಾಯಿ ತಲುಪುವಷ್ಟರಲ್ಲಿ ಜ್ವರ ಬಂದು, ಹೇಸರಗತ್ತೆಯ ಮೇಲೆ ಕೂರಿಸಿ ವಾಪಸು ಕಳಿಸಿದರಂತೆ. ಮತ್ತೆ ಅಂಥ ಅವಕಾಶ ಸಿಗಲಿಲ್ಲ. ಮಳೆ ಬಂದು ಆ ತಂಡಕ್ಕೂ ಕಣಿವೆಯ ತಲೆಯ ತನಕ, ಅದರ ಮೇಲಿನ ಕೊನೆಯ ತನಕ, ಹೋಗಲಾಗಲಿಲ್ಲ. ಹಾಗಾಗಿ ಹಾಳೆಯ ಮೇಲುತುದಿಯಲ್ಲಿ ಗೆರೆಗಳು ನಿಂತು ಚುಕ್ಕೆಗಳಾಗಿ, ಆಮೇಲೆ ಬರಿಯ ಬಿಳುಪಾಗಿಬಿಡುತ್ತಿದ್ದವು.

"ಬಾಗಿಲ ತನಕ ಹೋಗಿ ಬಂದೋನು ನಾನು," ಎನ್ನುತ್ತಿದ್ದರು. "ಒಳಗಡೆ ನೀರಿದೆಯೋ, ಬರೀ ಹಿಮಾನೋ, ಯಾರೂ ನೋಡಿಲ್ಲ. ನೀವು ನೋಡ್ಕೊಂಡು ಬನ್ನಿ. ಶಿಖರ ಹತ್ತದಿದ್ರೂ ಪರವಾಗಿಲ್ಲ."

ನಮಗೆ ಶಿಖರವೇ ಬೇಕಾಗಿತ್ತು. ಅದಕ್ಕೆ ಹೆಸರಿರಲಿಲ್ಲ, ಹಾಳೆಯ ಮೇಲೆ ಎತ್ತರದ ಅಂಕಿ ಮಾತ್ರ ಇತ್ತು. ಹೆಸರಿಲ್ಲದ್ದನ್ನು ಹತ್ತುತ್ತೇವೆಂಬುದೇ ನಮ್ಮ ಹೆಮ್ಮೆ.

ಎರಡು ವರ್ಷ ಅವರು ಆ ದಾರಿಯನ್ನು ಯೋಜಿಸಿದರು. ದಾರಿ ಹುಡುಕುವುದನ್ನು ನಾನು ಅವರಿಂದ ಕಲಿತೆ. ನಕ್ಷೆಯ ಮೇಲೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳಿಗೆ ಅವರು ಕಾಂಟೂರು ಎನ್ನುತ್ತಿದ್ದರು. ಗೆರೆಗಳು ದೂರ ದೂರ ಇದ್ದರೆ ಹುಲ್ಲುಗಾವಲು, ಒತ್ತೊತ್ತಾಗಿದ್ದರೆ ಕಡಿದಾದ ಏರು, ಒಂದರ ಮೇಲೊಂದು ಬಿದ್ದಂತಿದ್ದರೆ ಬಂಡೆಗೋಡೆ. ಅವರು ಅದನ್ನು ಬೆರಳಿನಿಂದ ಓದುತ್ತಿದ್ದರು. ಏರು ಬಂದಾಗ ಅವರ ಉಸಿರೂ ನಿಧಾನವಾಗುತ್ತಿತ್ತು. "ಇಲ್ಲಿ ಕೂರ್ತೀರಿ. ನೀರು ಕುಡೀತೀರಿ. ಇಲ್ಲಿ ಬಲಗಡೆ ಹೊಳೆ ಬರುತ್ತೆ. ಬೆಳಿಗ್ಗೆ ಹತ್ತರೊಳಗೆ ದಾಟಿದ್ರೆ ಮೊಣಕಾಲಷ್ಟು. ಮಧ್ಯಾಹ್ನ ಮೇಲಿನ ಹಿಮ ಕರಗಿ ಬಂದ್ರೆ ಎದೆ ಮಟ್ಟ. ತಡ ಆದ್ರೆ ದಾಟಬೇಡಿ, ಈಚೆ ದಡದಲ್ಲೇ ಅಡುಗೆ ಮಾಡ್ಕೊಳಿ." ಜಯನಗರದ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು ಅವರು ಹೀಗೆ ಹೇಳುವಾಗ ನನಗೆ ಕಾಲು ತಣ್ಣಗಾಗುತ್ತಿತ್ತು. ಗೋಪಿಗೆ ಮಾತ್ರ ನಕ್ಷೆ ಎಂದರೆ ನಿದ್ದೆ. ಶೇಷಾದ್ರಿಗೆ ಹಗ್ಗ, ಡೇರೆ, ಸ್ಟೌವುಗಳ ಮೇಲೆ ಒಲವು. ಹೀಗಾಗಿ ದಾರಿಯ ವಿಷಯವೆಲ್ಲ ನನ್ನ ತಲೆಗೆ ಬಂತು.

ಹಾಳೆ ಸಾಲದೆಂದು ಅವರು ಕಣಿವೆಯ ಒಂದು ಮಾದರಿಯನ್ನೂ ಮಾಡಿದರು. ಸಾರಕ್ಕಿ ಕೆರೆಯಿಂದ ಜೇಡಿಮಣ್ಣು ತರಿಸಿ, ರಟ್ಟನ್ನು ಕಾಂಟೂರಿನ ಆಕಾರಕ್ಕೆ ಕತ್ತರಿಸಿ ಒಂದರ ಮೇಲೊಂದು ಜೋಡಿಸಿ, ಮಣ್ಣು ಮೆತ್ತಿ, ತಾರಸಿಯ ಮೇಲೆ ಬಾಗಿಲಿನಷ್ಟು ದೊಡ್ಡ ಹಲಗೆಯಲ್ಲಿ ಬೆಟ್ಟಗಳನ್ನು ಎಬ್ಬಿಸಿದರು. ಅವರ ಹೆಂಡತಿ ಮಂಗಳಮ್ಮ ಸಂಡಿಗೆ ಒಣಗಿಸಲು ಜಾಗವಿಲ್ಲವೆಂದು ದೂರುತ್ತಲೇ ಒಂದು ಚೊಂಬು ನೀರು ತಂದುಕೊಡುತ್ತಿದ್ದರು. ಗುರುಸಿದ್ದಯ್ಯನವರು ಶಿಖರದ ಮೇಲಿಂದ ನೀರು ಸುರಿದು ಅದು ಎಲ್ಲೆಲ್ಲಿ ಹರಿಯುತ್ತದೆಂದು ನೋಡುತ್ತಿದ್ದರು.

ಒಂದು ಭಾನುವಾರ ನಾನೊಬ್ಬನೇ ಹೋಗಿದ್ದೆ. ಗೋಪಿಗೆ ಮದುವೆ ಮನೆ, ಶೇಷಾದ್ರಿಗೆ ಪಾಳಿಯ ಕೆಲಸ. ಹುಲ್ಲುಗಾವಲಿನಿಂದ ಮೇಲಕ್ಕೆ ಹೋಗಲು ಎರಡು ದಾರಿಗಳಿದ್ದವು. ಒಂದು ಬೆಟ್ಟದ ಬೆನ್ನು ಹಿಡಿದು ಬಳಸಿಕೊಂಡು ಹೋಗುವುದು. ಅದಕ್ಕೆ ನಾಲ್ಕು ದಿನ. ಇನ್ನೊಂದು ಎರಡು ಬಂಡೆಗೋಡೆಗಳ ನಡುವಿನ ಕೊರಕಲು, ನೇರ ಏಣಿಯ ಹಾಗೆ. ಅದು ಒಂದೇ ದಿನದ ದಾರಿ. ಕೊರಕಲಿನಲ್ಲಿ ಯಾಕೆ ಹೋಗಬಾರದು ಎಂದು ನಾನು ಕೇಳಿದೆ. ಅವರು ಅಡುಗೆಮನೆಗೆ ಹೋಗಿ ಒಂದು ಹಿಡಿ ಸಾಸಿವೆ ತಂದರು. ಅದನ್ನು ಮಾದರಿಯ ಶಿಖರದ ಸುತ್ತ ಮೆಲ್ಲಗೆ ಚೆಲ್ಲಿದರು. ಕಾಳುಗಳು ಪುಟಿದು ಉರುಳಿ, ನಾಲ್ಕೂ ಕಡೆಯಿಂದ ಬಂದು ಕೊರಕಲಿಗೇ ಬಿದ್ದವು. ಅದರ ಬುಡದಲ್ಲಿ ಸಾಸಿವೆಯ ಒಂದು ಪುಟ್ಟ ಗುಡ್ಡೆಯಾಯಿತು.

"ಬೆನ್ನಿನ ಮೇಲೆ ಎಷ್ಟಿದೆ ನೋಡಿ."

"ಒಂದೂ ಇಲ್ಲ ಸಾರ್."

"ಇಷ್ಟೇ ವಿಷಯ. ಬೆಳಿಗ್ಗೆ ಹಿಮ ಗಟ್ಟಿಯಾಗಿರುತ್ತೆ, ಕಲ್ಲುಗಳನ್ನ ಹಿಡ್ಕೊಂಡಿರುತ್ತೆ. ಬಿಸಿಲು ತಾಗಿದ ಮೇಲೆ ಬಿಟ್ಬಿಡುತ್ತೆ. ಆ ಬೆಟ್ಟದಲ್ಲಿ ಸಡಿಲ ಆಗಿದ್ದೆಲ್ಲ ಬರೋದು ಇಲ್ಲಿಗೇ. ನೀವು ಆ ಕಡೆ ತಲೆ ಹಾಕೂಬಾರದು."

ಹೊರಡುವ ಮುನ್ನ ದಾರಿಯನ್ನು, ಅಡಿಯ ಗೆರೆ ಕಾಣುವಷ್ಟು ತೆಳ್ಳನೆಯ ಟ್ರೇಸಿಂಗ್ ಬಟ್ಟೆಯ ಮೇಲೆ ಇಳಿಸಿಕೊಟ್ಟರು. ಬೆನ್ನಿನ ದಾರಿ ಹಸಿರು ಶಾಯಿಯಲ್ಲಿ. ಕೊರಕಲಿನ ಮೇಲೆ ಅಡ್ಡಡ್ಡ ಕೆಂಪು ಗೀಟು, ಪಕ್ಕದಲ್ಲಿ ಅವರ ದುಂಡನೆಯ ಅಕ್ಷರದಲ್ಲಿ ಒಂದೇ ಪದ: ಬೇಡ. ಅದನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಇದು ನಿಮ್ಮ ಹತ್ರಾನೇ ಇರಲಿ," ಎಂದರು.

ಐವತ್ತೊಂಬತ್ತರ ಮೇ ತಿಂಗಳಲ್ಲಿ ನಾವು ಹೋದೆವು. ರೈಲು, ಬಸ್ಸು, ಆಮೇಲೆ ಎಂಟು ದಿನದ ನಡಿಗೆ. ಅವರು ಹೇಳಿದ್ದೆಲ್ಲ ಹೇಳಿದ ಜಾಗದಲ್ಲೇ ಇತ್ತು. ಬಲಗಡೆ ಹೊಳೆ ಬಂತು, ಬೆಳಿಗ್ಗೆ ಮೊಣಕಾಲಷ್ಟೇ ಇತ್ತು. ಕೂರಬೇಕೆಂದ ಕಡೆ ಕೂರುವಂಥ ಚಪ್ಪಟೆ ಕಲ್ಲುಗಳಿದ್ದವು. ಗೋಪಿ ಪ್ರತಿ ಸಲವೂ ನಗುತ್ತಾ, "ಸಾರ್ ರಾತ್ರಿ ಬಂದು ಇಟ್ಟು ಹೋಗಿದ್ದಾರೆ ಕಣೋ," ಎನ್ನುತ್ತಿದ್ದ. ಆದರೆ ಕೊನೆಯ ಹಳ್ಳಿಯಲ್ಲಿ ಮಳೆ ಹಿಡಿದು ಮೂರು ದಿನ ಹೋಯಿತು. ಹುಲ್ಲುಗಾವಲಿನಲ್ಲಿ ಡೇರೆ ಹಾಕಿ ಲೆಕ್ಕ ನೋಡಿದರೆ, ರಜೆ ಮುಗಿಯುವುದರೊಳಗೆ ಊರು ಸೇರಬೇಕಾದರೆ ಹತ್ತಿ ಇಳಿಯಲು ನಮಗೆ ಉಳಿದದ್ದು ಐದೇ ದಿನ. ಬೆನ್ನಿನ ದಾರಿಯಲ್ಲಿ ಹೋದರೆ ಶಿಖರವೂ ಇಲ್ಲ, ಕಣಿವೆಯ ತಲೆಯೂ ಇಲ್ಲ. ಎದುರಿಗೆ ಕೊರಕಲು ಬೆಳಗಿನ ಬೆಳಕಿನಲ್ಲಿ ಬೆಳ್ಳಗೆ, ಸದ್ದಿಲ್ಲದೆ ನಿಂತಿತ್ತು.

"ಸಾರ್ ಏನು ಬರ್ದಿದ್ದಾರೆ, ನೋಡು," ಎಂದ ಶೇಷಾದ್ರಿ.

ನಾನು ಗಾಳಿಗೆ ಬೆನ್ನು ಮಾಡಿ ಟ್ರೇಸಿಂಗ್ ಬಿಚ್ಚಿದೆ. ಕೆಂಪು ಗೀಟು, ಪಕ್ಕದ ಪದ, ಎರಡನ್ನೂ ನೋಡಿದೆ. ಮತ್ತೆ ಮಡಿಸಿದೆ. "ಕೊರಕಲಲ್ಲೂ ಹೋಗಬಹುದು ಅಂತ ಬರೆದಿದ್ದಾರೆ. ಬೇಗ ಹೊರಡಬೇಕು ಅಷ್ಟೆ," ಎಂದೆ.

"ಸಾರ್ ಹೇಳಿದ್ದಾರಲ್ಲ, ನಡಿ ಮತ್ತೆ," ಎಂದ ಗೋಪಿ.

ಹೊರೆಯಾಳುಗಳನ್ನು ಡೇರೆಯಲ್ಲಿ ಬಿಟ್ಟು ಮೂವರೇ ಹೊರಟೆವು. ಬೇಗ ಹೊರಡುತ್ತೇವೆಂದುಕೊಂಡವರು ಹೊರಟಾಗ ಏಳಾಗಿತ್ತು. ಹತ್ತು ಗಂಟೆಯವರೆಗೆ ಎಲ್ಲವೂ ಸುಗಮವಾಗಿತ್ತು. ನನ್ನಷ್ಟು ಬುದ್ಧಿವಂತ ಇನ್ನೊಬ್ಬನಿಲ್ಲ ಎಂದುಕೊಳ್ಳುತ್ತಿದ್ದೆ. ಹನ್ನೊಂದರ ಸುಮಾರಿಗೆ ಬಿಸಿಲು ಮೇಲಿನ ಬಂಡೆಗೋಡೆಗೆ ತಾಗಿತು. ಸ್ವಲ್ಪ ಹೊತ್ತಿಗೆ ಎಲ್ಲೋ ಬಟ್ಟೆ ಹರಿದಂಥ ಸದ್ದು ಕೇಳಿತು. ತಲೆಯೆತ್ತುವಷ್ಟರಲ್ಲಿ ಸಣ್ಣ ಕಲ್ಲುಗಳು ಪುಟಿಯುತ್ತ ನಮ್ಮನ್ನು ದಾಟಿಹೋದವು. ಅವುಗಳ ಹಿಂದೆ ಬಂದ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಗೋಪಿಯ ಬಲಮಂಡಿಗೆ ಬಡಿಯಿತು. ಅವನು ಕುಳಿತುಬಿಟ್ಟ. ತನ್ನ ಕಾಲನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದ.

ಅವನನ್ನು ಇಳಿಸಿದ್ದು, ಹೊರೆಯಾಳುಗಳು ಸರದಿಯ ಮೇಲೆ ಬೆನ್ನಿನಲ್ಲಿ ಹೊತ್ತು ಆರು ದಿನ ನಡೆದದ್ದು, ಬಯಲಿನ ಒಂದು ಆಸ್ಪತ್ರೆಯಲ್ಲಿ ತಿಂಗಳು ಕಳೆದದ್ದು, ಇವನ್ನೆಲ್ಲ ವಿವರಿಸಲಾರೆ. ಒಂದನ್ನು ಮಾತ್ರ ಹೇಳಬೇಕು. ಇಳಿಯುವ ದಾರಿಯಲ್ಲಿ ಒಂದು ಹಗ್ಗದ ಸೇತುವೆಯ ಮೇಲೆ ಉಳಿದವರು ಮುಂದೆ ಹೋದ ಮೇಲೆ ನಾನು ನಿಂತೆ. ಟ್ರೇಸಿಂಗ್ ಬಟ್ಟೆಯನ್ನು ತೆಗೆದು, ಹರಿಯಲು ನೋಡಿ, ಹರಿಯದೆ ಹಾಗೆಯೇ ಮುದ್ದೆ ಮಾಡಿ ನದಿಗೆ ಎಸೆದೆ. ಯಾಕೆಂದು ಆಗ ಯೋಚಿಸಲಿಲ್ಲ. ಕೈಗೆ ಗೊತ್ತಿತ್ತು.

ಬೆಂಗಳೂರಿಗೆ ಬಂದ ಮೂರನೆಯ ದಿನ ಗೋಪಿಯ ತಂದೆ ನನ್ನನ್ನು ಕರೆದುಕೊಂಡು ಗುರುಸಿದ್ದಯ್ಯನವರ ಮನೆಗೆ ಹೋದರು. ಮಂಡಿ ಇನ್ನು ಮಡಿಚುವುದಿಲ್ಲವೆಂದು ವೈದ್ಯರು ಅವರಿಗೆ ಹಿಂದಿನ ದಿನ ಹೇಳಿದ್ದರು. ನಾನು ದಾರಿಯುದ್ದಕ್ಕೂ ನಿಜ ಹೇಳಬೇಕೆಂದುಕೊಂಡೇ ಹೋದೆ. ಒಳಗೆ ಕೂರಲೂ ಒಪ್ಪದೆ ಗೋಪಿಯ ತಂದೆ ಬಾಗಿಲಲ್ಲೇ ನಿಂತು ಮಾತು ತೆಗೆದರು.

"ನೀವು ಆ ಬೆಟ್ಟ ಹತ್ತಿದ್ದೀರೇನ್ರೀ?"

"ಇಲ್ಲ," ಎಂದರು ಗುರುಸಿದ್ದಯ್ಯನವರು.

"ಹತ್ತದೆ, ಕಣ್ಣಲ್ಲಿ ನೋಡದೆ, ಮನೇಲಿ ಕೂತ್ಕೊಂಡು ಗೆರೆ ಎಳೆದು ಕೊಟ್ರಿ. ಸಾರ್ ಹೇಳಿದ ದಾರೀಲೇ ಹೋದ್ವಿ ಅಂತಾನೆ ನನ್ನ ಮಗ. ಇವತ್ತು ಅವನು ಕಕ್ಕಸಿಗೆ ಹೋಗಕ್ಕೂ ಇನ್ನೊಬ್ರು ಹಿಡ್ಕೋಬೇಕು."

ಗುರುಸಿದ್ದಯ್ಯನವರು ಕೈ ಮುಗಿದುಕೊಂಡು ಕೇಳಿದರು. ಹಿಂದೆ ಮಂಗಳಮ್ಮ ನಿಂತಿದ್ದರು. ಆಮೇಲೆ ಅವರು ನನ್ನ ಕಡೆ ತಿರುಗಿ, ಬಹಳ ಮೆತ್ತಗೆ, "ಬೆನ್ನು ಹಿಡಿದೇ ಹೋದ್ರಾ ಮೇಷ್ಟ್ರೇ?" ಎಂದು ಕೇಳಿದರು.

ಮೂವರೂ ನನ್ನನ್ನೇ ನೋಡುತ್ತಿದ್ದರು. "ಹೌದು ಸಾರ್," ಎಂದೆ.

"ಎಲ್ಲಿ ಬಿತ್ತು ಕಲ್ಲು? ತೋರಿಸ್ತೀರಾ?"

ಹಾಳೆಯನ್ನು ತಂದು ಕಿಟಕಿಯ ಕಟ್ಟೆಯ ಮೇಲೆ ಹರಡಿದರು. ನಾನು ಬೆನ್ನಿನ ದಾರಿಯ ಮೇಲೆ, ನಡುಮಧ್ಯದಲ್ಲಿ ಎಲ್ಲೋ ಒಂದು ಕಡೆ ಬೆರಳಿಟ್ಟೆ. ಅವರು ನನ್ನ ಬೆರಳಿನ ತುದಿಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟರು. ಟ್ರೇಸಿಂಗ್ ಎಲ್ಲಿ ಎಂದು ಕೇಳಿದರು. ಕಳೆದುಹೋಯಿತೆಂದೆ. ತಲೆಯಾಡಿಸಿದರು. ಗೋಪಿಯ ತಂದೆಗೆ ಮತ್ತೆ ಕೈ ಮುಗಿದು, "ಗೆರೆ ನಂದು. ತಪ್ಪೂ ನಂದೇ," ಎಂದರು. ಕಣಿವೆಯ ತಲೆಯಲ್ಲಿ ನೀರಿತ್ತೇ ಎಂದು ಅವತ್ತು ಕೇಳಲಿಲ್ಲ. ಮುಂದೆಂದೂ ಕೇಳಲಿಲ್ಲ.

ಅಂದು ಹೇಳಲಾಗದ್ದನ್ನು ನಾಳೆ ಹೇಳುತ್ತೇನೆಂದುಕೊಂಡೆ. ನಾಳೆಗೆ ಅದು ಇನ್ನೂ ಕಷ್ಟವಾಯಿತು. ಒಂದು ತಿಂಗಳು ಕಳೆದ ಮೇಲೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬುದಕ್ಕೂ ಉತ್ತರ ಹೇಳಬೇಕಾಗಿತ್ತು. ನಾನು ಅವರ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ. ರಸ್ತೆಯಲ್ಲಿ ಅವರು ಕಂಡರೆ ಪಕ್ಕದ ಅಡ್ಡರಸ್ತೆಗೆ ತಿರುಗುತ್ತಿದ್ದೆ. ಆದರೂ ಒಮ್ಮೊಮ್ಮೆ ಸಿಕ್ಕಿಬೀಳುತ್ತಿದ್ದೆ. ಆಗ ಅವರು ಗೋಪಿಯ ಕಾಲು ಹೇಗಿದೆ ಎಂದಷ್ಟೇ ಕೇಳುತ್ತಿದ್ದರು.

ಮಂಗಳಮ್ಮ ಒಂದು ದಿನ ಸಾರಕ್ಕಿ ಕಡೆಯವರ ಹತ್ತಿರ ಅವರೆಕಾಯಿ ಕೊಳ್ಳುತ್ತಾ ನಿಂತಿದ್ದವರು ನನ್ನನ್ನು ಕರೆದರು. "ಹಗಲೆಲ್ಲ ಆ ಹಾಳೆ ಮುಂದೆ ಕೂತಿರ್ತಾರೆ ಕಣಪ್ಪ. ಮಣ್ಣಿನ ಬೆಟ್ಟ ಮಳೇಲಿ ಕರಗ್ತಾ ಇತ್ತು. ಒಳಗಿಡೋಣ ಅಂದ್ರೆ, ಬಿಡು, ಅದು ಸುಳ್ಳು ಬೆಟ್ಟ ಅಂದ್ರು. ನೀನಾದ್ರೂ ಬಂದು ಒಂದು ಮಾತು ಹೇಳಬಾರದಾ?" ಬರುತ್ತೇನೆಂದೆ. ಹೋಗಲಿಲ್ಲ.

ಮೈಸೂರಿನಿಂದ ಕೆಲವು ಯುವಕರು ಅದೇ ಕಣಿವೆಗೆ ಹೋಗಬೇಕೆಂದು ಅವರ ಸಹಾಯ ಕೇಳಿ ಬಂದಿದ್ದರಂತೆ. "ನಾನು ನಕಲು ಮಾಡೋನು ಅಷ್ಟೆ. ದಾರಿ ಹೇಳೋ ಯೋಗ್ಯತೆ ನನಗಿಲ್ಲ," ಎಂದು ಕಳಿಸಿಬಿಟ್ಟರಂತೆ. ಅರವತ್ತೆರಡರ ಯುದ್ಧವಾದ ಮೇಲೆ ಗಡಿಯ ಹತ್ತಿರದ ಆ ಭಾಗಕ್ಕೆ ಹೊರಗಿನವರನ್ನು ಬಿಡುವುದೇ ನಿಂತಿತು. ನನಗೆ ಒಂದು ರೀತಿಯ ಸಮಾಧಾನವಾಯಿತು. ಇನ್ನು ಯಾರೂ ಅಲ್ಲಿಗೆ ಹೋಗಿ ಬೆನ್ನಿನ ದಾರಿಯನ್ನು ನೋಡಿ ಬಂದು ಹೇಳಲಾರರು. ಆ ಸಮಾಧಾನವನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಗೋಪಿ ಕುಂಟುತ್ತಲೇ ಬ್ಯಾಂಕಿಗೆ ಹೋದ, ಮದುವೆಯಾದ, ಮಗಳ ತಂದೆಯೂ ಆದ. ನಮ್ಮ ಸ್ನೇಹ ಹಾಗೆಯೇ ಇತ್ತು. ಶೇಷಾದ್ರಿ ಮಾತ್ರ ಬೇರೆ ಊರಿನ ಕಾರ್ಖಾನೆ ಸೇರಿ ದೂರವಾಗಿದ್ದ. ಅರವತ್ತಾರರ ಜೂನಿನಲ್ಲಿ ಅವನ ಮನೆಗೆ ಹೋಗಿದ್ದಾಗ ಮೇಜಿನ ಮೇಲೆ ಒಂದು ಚೀಲ ಮೂಸಂಬಿ ಇತ್ತು.

"ಸಾರ್ ತಂದಿದ್ದು," ಎಂದ. "ಪ್ರತಿ ವರ್ಷ ಈ ತಿಂಗಳು ಬರ್ತಾರೆ ಕಣೋ. ನಮ್ಮಪ್ಪ ಇದ್ದಾಗ ಮಾತಾಡಿಸ್ತಾನೂ ಇರಲಿಲ್ಲ, ಆದ್ರೂ ಬರ್ತಿದ್ರು. ಬಂದು, ಮಂಡಿ ಹೇಗಿದೆ ಅಂತ ಕೇಳಿ, ಅರ್ಧ ಗಂಟೆ ಸುಮ್ಮನೆ ಕೂತಿದ್ದು ಎದ್ದು ಹೋಗ್ತಾರೆ. ಈ ಸಲ ತುಂಬ ಸೋತಿದ್ದಾರೆ. ಬರಬೇಡಿ ಸಾರ್ ಅನ್ನೋಕೂ ಬಾಯಿ ಬರಲ್ಲ."

ಏಳು ವರ್ಷದಿಂದ ಇದು ನಡೆಯುತ್ತಿರುವುದು ನನಗೆ ತಿಳಿದಿರಲಿಲ್ಲ. ಆ ಮೂಸಂಬಿಗಳನ್ನು ನೋಡುತ್ತಾ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಸಾಸಿವೆ, ಕೆಂಪು ಗೀಟು, ಸೇತುವೆ, ಬೆರಳಿಟ್ಟದ್ದು. ಮುಗಿದ ಮೇಲೆ ಗೋಪಿ ಮಡಿಚದ ಕಾಲನ್ನು ನೀವಿಕೊಳ್ಳುತ್ತಿದ್ದ.

"ನನ್ನ ಕಾಲಿನ ವಿಷಯ ಇರಲಿ," ಎಂದ ಕೊನೆಗೆ. "ನೀನು ಕೊರಕಲು ಬೇಡ ಅಂದಿದ್ರೂ ನಾನು ಹೋಗೋಣ ಅಂತಿದ್ನೋ ಏನೋ. ಅವರಿಗೆ ಹೇಳು ಹೋಗು. ಇವತ್ತೇ ಹೋಗು."

"ನೀನೂ ಬಾ."

"ನಾನು ಬರಲ್ಲ. ಹೇಳಬೇಕಾದೋನು ನೀನು."

ಸಂಜೆ ಐದರ ಹೊತ್ತಿಗೆ ಗುರುಸಿದ್ದಯ್ಯನವರ ಮನೆ ಮುಟ್ಟಿದೆ. ಖಾಲಿ ಸೈಟುಗಳಲ್ಲೆಲ್ಲ ಮನೆಗಳೆದ್ದು ಅವರ ಮನೆ ಚಿಕ್ಕದಾಗಿ ಕಾಣುತ್ತಿತ್ತು. ಅವರು ಬೆತ್ತದ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಕುಳಿತುಕೊಳ್ಳುವ ಮುಂಚೆಯೇ ಶುರು ಮಾಡಿದೆ, ಕುಳಿತರೆ ಹೇಳಲಾರೆನೆಂದು. ಅವರು ಕಣ್ಣು ಮುಚ್ಚಿಕೊಂಡು, ತೋರುಬೆರಳಿನ ಗುಳಿಯನ್ನು ಸವರುತ್ತಾ ಕೇಳಿದರು.

ನಾನು ನಿಲ್ಲಿಸಿದ ಮೇಲೆ, "ಆ ಹಾಳೆ ತಗೊಳ್ಳಿ," ಎಂದು ಬೀರುವಿನ ಕಡೆ ತೋರಿಸಿದರು. ಬಿಚ್ಚಿದೆ. ನಾನು ಹಿಂದೆ ನೋಡಿದ್ದ ಹಾಳೆ ಅದಾಗಿರಲಿಲ್ಲ. ಪೆನ್ಸಿಲ್ ಚುಕ್ಕೆಯ ಸುತ್ತ ಎಳೆ ಎಳೆಯಾಗಿ ನೂರಾರು ಹೊಸ ಗೆರೆಗಳು, ಅಂಚಿನಲ್ಲೆಲ್ಲ ಸಣ್ಣ ಅಕ್ಷರದ ಗುಣಾಕಾರ, ಭಾಗಾಕಾರ.

"ಇಲ್ಲಿ ನೋಡಿ," ಎಂದರು. ದನಿ ಕ್ಷೀಣವಾಗಿದ್ದರೂ ಅದೇ ಹಳೆಯ ಪಾಠದ ದನಿ. "ಈ ಹಾಳೇಲಿ ಇನ್ನೂರೈವತ್ತು ಅಡಿಗೆ ಒಂದು ಗೆರೆ. ಎರಡು ಗೆರೆ ಮಧ್ಯೆ ಇನ್ನೂರಡಿ ಬಂಡೆ ಇದ್ರೂ ಹಾಳೇಲಿ ಕಾಣಲ್ಲ. ಇದು ನನಗೆ ಗೊತ್ತಿರಬೇಕಾಗಿತ್ತು. ನೀವು ತೋರಿಸಿದ ಜಾಗದ ಮೇಲೆ ಗೆರೆ ಹೇಗೆ ಬಾಗಿದೆ ನೋಡಿ. ಅಲ್ಲೊಂದು ಬಂಡೆಗೋಡೆ ಇರಲೇಬೇಕು. ಅದರಿಂದ ಕಲ್ಲು ಬೀಳಲೇಬೇಕು. ಎರಡು ವರ್ಷ ಹಿಡೀತು ನನಗೆ, ಇದನ್ನ ಹುಡುಕಕ್ಕೆ."

"ಅಲ್ಲಿ ಬಂಡೆ ಇಲ್ಲ ಸಾರ್. ನಾವು ಅಲ್ಲಿಗೆ ಹೋಗೇ ಇಲ್ಲ. ನಾನು ಸುಮ್ಮನೆ ಬೆರಳಿಟ್ಟಿದ್ದು."

"ಸುಮ್ಮನೆ ಇಟ್ಟ ಬೆರಳು ಸರಿಯಾಗಿ ಬಂಡೆ ಕೆಳಗೇ ಹೇಗೆ ಬೀಳುತ್ತೆ ಮೇಷ್ಟ್ರೇ? ಮೂರು ಸಲ ಲೆಕ್ಕ ಮಾಡಿದ್ದೀನಿ."

"ಗೋಪಿನ ಕೇಳಿ ಸಾರ್. ಅವನಿಗೂ ಹೇಳಿದ್ದೀನಿ. ಬೇಕಾದ್ರೆ ಕರ್ಕೊಂಡು ಬರ್ತೀನಿ."

"ಗೋಪಿ ಒಳ್ಳೆ ಹುಡುಗ. ನೀವು ಹೇಳ್ಕೊಟ್ರೆ ಅವನೂ ಹೇಳ್ತಾನೆ." ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದರು. ಕೈ ಚಾಚಿ ನನ್ನ ಮುಂಗೈ ಹಿಡಿದುಕೊಂಡರು. "ಮಂಗಳ ನಿಮ್ಮ ಹತ್ರ ಬಂದು ಅತ್ತಿರಬೇಕು. ಈ ಮುದುಕನ ಸಂಕಟ ನೋಡಕ್ಕಾಗದೆ, ಇಷ್ಟು ವರ್ಷ ಆದ್ಮೇಲೆ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳ್ಳಕ್ಕೆ ಬಂದಿದ್ದೀರಿ. ದೊಡ್ಡ ಮನಸ್ಸು. ಆದ್ರೆ ಸುಳ್ಳು ಹೇಳೋದು ನಿಮಗೆ ಬರಲ್ಲ ಮೇಷ್ಟ್ರೇ. ಅದನ್ನ ಕಲಿಯಕ್ಕೂ ಹೋಗಬೇಡಿ."

ನಾನು ಮತ್ತೆ ಹೇಳಿದೆ. ಆಣೆ ಇಟ್ಟೆ. ಅವರು ಮಗುವಿನ ಹಟವನ್ನು ಕೇಳಿಸಿಕೊಳ್ಳುವವರ ಹಾಗೆ ತಲೆಯಾಡಿಸಿದರು. ಒಳಗೆ ತಿರುಗಿ, "ಮಂಗಳಾ, ಮೇಷ್ಟ್ರಿಗೆ ಕಾಫಿ ಕೊಡು. ತುಂಬ ದಿನಕ್ಕೆ ಬಂದಿದ್ದಾರೆ," ಎಂದರು.

ಮಂಗಳಮ್ಮ ಕಾಫಿ ತಂದುಕೊಟ್ಟರು. ಕುಡಿದೆ. ಮುಂದಿನ ವಾರ ಗೋಪಿಯೂ ಹೋಗಿ ಹೇಳಿದ. ಅವನಿಗೂ ಕಾಫಿ ಕೊಟ್ಟು, ಬೆನ್ನು ಸವರಿ ಕಳಿಸಿದರಂತೆ. ಅದೇ ವರ್ಷದ ಕಾರ್ತಿಕದಲ್ಲಿ ಗುರುಸಿದ್ದಯ್ಯನವರು ತೀರಿಕೊಂಡರು. ತಾವು ಎಳೆದ ದಾರಿ ಸರಿಯಾಗಿತ್ತು ಎಂಬುದನ್ನು ನಂಬದೆಯೇ ಹೋದರು.